ಬಿಸಿಎ ಮಕ್ಕಳಿಗೆ ಮೀಡಿಯಾವಿಕಿಯಲ್ಲಿ ಯಾವ ಕೆಲಸ ಕೊಡಲಿ?

ಹಾಸನ_ಲ್ಯಾಬ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಕಥೆ ನಿಮಗೆಲ್ಲ ಗೊತ್ತೇ ಇದೆ. ಪ್ರತಿ ವರ್ಷ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅದೇ ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಸೀನಿಯರ್‌ಗಳ ಹತ್ತಿರ ಕೋಡ್ ಇಸ್ಕೊಂಡು ಮುಖಪುಟದಲ್ಲಿ ಹೆಸರು ಬದಲಾಯಿಸಿದರೆ ಆಯಿತು. ಸ್ಪೈರಲ್ ಬೈಂಡಿಂಗ್ ಅಂಗಡಿಯವರಿಗೆ ವ್ಯಾಪಾರ, ಅಷ್ಟೇ. ವೈವಾ ದಿನ ಡೇಟಾಬೇಸ್ ಟೇಬಲ್ ಹೆಸರು ಕೇಳಿದರೆ ಮುಖ ಮುಖ ನೋಡುತ್ತಾರೆ.

ಈ ಸಲ ನಿಜವಾಗಿ ಜನ ಬಳಸುವ ಒಂದು ತಂತ್ರಾಂಶದಲ್ಲಿ ಕೆಲಸ ಮಾಡಿಸೋಣ ಅಂತ ಆಸೆ. ಮೀಡಿಯಾವಿಕಿ ಆರಿಸಿಕೊಂಡಿದ್ದೇನೆ. ವಿಕಿಪೀಡಿಯ, ಹಳೆ ಪುಸ್ತಕಗಳನ್ನು ಪಠ್ಯವಾಗಿ ಇಡುವ ವಿಕಿಸೋರ್ಸ್ ಎಲ್ಲ ಅದರ ಮೇಲೇ ನಡೆಯುತ್ತವೆ, ಪಿಎಚ್‌ಪಿ ನಮ್ಮ ಸಿಲಬಸ್‌ನಲ್ಲೂ ಇದೆ, ಕನ್ನಡದ ಕೆಲಸವೂ ಆಗುತ್ತದೆ.

ಪರಿಸ್ಥಿತಿ ಹೀಗಿದೆ. ಒಟ್ಟು 28 ಮಕ್ಕಳು. ಅದರಲ್ಲಿ ಏಳೆಂಟು ಜನ ಸ್ವಂತವಾಗಿ ಕೋಡ್ ಬರೆಯುತ್ತಾರೆ. ಉಳಿದವರು ಬುದ್ಧಿವಂತರೇ, ಆದರೆ ಜಾವಾಸ್ಕ್ರಿಪ್ಟ್ ಅಂದರೆ ಹೆದರಿಕೆ. ಲ್ಯಾಬಿನ ಯಂತ್ರಗಳಲ್ಲಿ 4 ಜಿಬಿ ರ‍್ಯಾಮ್. ಇಡೀ ಲ್ಯಾಬಿಗೆ ಒಂದೇ ನೆಟ್ ಕನೆಕ್ಷನ್. ಮೂರು ತಿಂಗಳು ಸಮಯ. ನಮ್ಮ ಎಚ್‌ಓಡಿ ಸರ್ ಒಪ್ಪಿದ್ದಾರೆ, ಆದರೆ "ಒಬ್ಬೊಬ್ಬರೂ ಎಷ್ಟು ಪುಲ್ ರಿಕ್ವೆಸ್ಟ್ ಮಾಡಿದರು ಅಂತ ಲೆಕ್ಕ ತೋರಿಸಿ" ಎನ್ನುತ್ತಾರೆ. (ಪುಲ್ ರಿಕ್ವೆಸ್ಟ್ ಅಂದರೆ ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅಂತ ಪ್ರಾಜೆಕ್ಟಿನವರಿಗೆ ಕಳಿಸುವ ಕೋರಿಕೆ.)

ಯಾವ ಯಾವ ಕೆಲಸ ಕೊಡಬಹುದು? ಅಂಕ ಹೇಗೆ ಕೊಡುವುದು? ಸ್ವಲ್ಪ ಬಿಡಿಸಿ ಹೇಳಿ.

ರಾತ್ರಿ_ಕೋಡರ್

ಮೇಡಂ, ಸಿಂಪಲ್. ಕೋಡ್ ಹಂಚುವ ತಾಣ ಗಿಟ್‌ಹಬ್‌ಗೆ ಹೋಗಿ, ಪ್ರಾಜೆಕ್ಟಿನ ಪರಿಚಯ ಇರುವ ರೀಡ್‌ಮಿ ಫೈಲಿನಲ್ಲಿ ಸ್ಪೆಲಿಂಗ್ ತಪ್ಪು ಹುಡುಕಿ ತಿದ್ದಿಸಿ. ಒಬ್ಬೊಬ್ಬರಿಗೆ ನಾಲ್ಕು ಪುಲ್ ರಿಕ್ವೆಸ್ಟ್ ಒಂದೇ ದಿನದಲ್ಲಿ ಆಗುತ್ತದೆ. ರೆಸ್ಯೂಮೆಗೂ ಚೆನ್ನಾಗಿರುತ್ತದೆ. ಎಚ್‌ಓಡಿ ಸರ್ ಕೂಡ ಖುಷ್.

ಅಚ್ಚುಮೊಳೆ

ರಾತ್ರಿ_ಕೋಡರ್ ತಮ್ಮಾ, ದಯವಿಟ್ಟು ಬೇಡ. 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿದೆಯಾ? ಅಕ್ಟೋಬರಿನಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಕೊಡುತ್ತಿದ್ದ ಅಭಿಯಾನ ಅದು. ಒಂದು ಟೀಶರ್ಟಿಗೋಸ್ಕರ ಜನ ರೀಡ್‌ಮಿಯಲ್ಲಿ ಎರಡು ಪದ ಸೇರಿಸಿ ಕಳಿಸಿದ್ದೇ ಕಳಿಸಿದ್ದು. ನಿರ್ವಾಹಕರು ತಲೆ ಚಚ್ಚಿಕೊಂಡರು. ಕೊನೆಗೆ ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಾಯಿಸಿ, ತಾವಾಗಿ ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಮಾತ್ರ ಲೆಕ್ಕ ಅಂತ ಮಾಡಬೇಕಾಯಿತು. ಭಾರತದ ವಿದ್ಯಾರ್ಥಿಗಳು ಅಂದರೆ ಕೆಲವರು ಇವತ್ತಿಗೂ ಹುಬ್ಬೇರಿಸುತ್ತಾರೆ. ಅಲ್ಲದೆ ಮೀಡಿಯಾವಿಕಿಯ ಮಟ್ಟಿಗೆ ಗಿಟ್‌ಹಬ್‌ನಲ್ಲಿ ಇರುವುದು ಬರೀ ಪ್ರತಿ. ಅಸಲಿ ಕೆಲಸ ನಡೆಯುವುದು ಗೆರಿಟ್ ಅನ್ನುವ ಕೋಡ್ ಪರಿಶೀಲನೆಯ ತಾಣದಲ್ಲಿ, ಅಲ್ಲಿ ಪುಲ್ ರಿಕ್ವೆಸ್ಟ್ ಅನ್ನುವುದೇ ಇಲ್ಲ. ಹಾಗಾಗಿ ಎಚ್‌ಓಡಿ ಸಾಹೇಬರ ಲೆಕ್ಕ ಇಲ್ಲಿ ಬರುವುದೇ ಸೊನ್ನೆ.

ಮೇಡಂ, ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಗದಗಿನವನು. ಅಪ್ಪನದು ಅಚ್ಚುಕೂಟ ಇತ್ತು, ಈಗ ಅದೇ ಜಾಗದಲ್ಲಿ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಸೀಸನ್ ಇಲ್ಲದಾಗ ಸಂಜೆ ಹೊತ್ತು ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆ ಪುಸ್ತಕ ತಿದ್ದುತ್ತೇನೆ. ಆದ್ದರಿಂದ ನನ್ನ ಸಲಹೆ ಆ ಕಡೆಗೇ ವಾಲುತ್ತದೆ, ಮೊದಲೇ ಹೇಳಿದ್ದೇನೆ.

ನಾನು ನೋಡುವುದು ಎರಡೇ. ಈ ಕೆಲಸ ಆಗಲಿ ಅಂತ ಯಾರಾದರೂ ಕಾಯುತ್ತಿದ್ದಾರಾ? ಆದ ಮೇಲೆ ಅದನ್ನು ನೋಡಿ ಸರಿ ತಪ್ಪು ಹೇಳುವವರು ಇದ್ದಾರಾ? ಎರಡಕ್ಕೂ ಹೌದು ಅಂತ ಬಂದರೆ ಮಾತ್ರ ಮಕ್ಕಳಿಗೆ ಕೊಡಿ. ಎಷ್ಟೇ ದೊಡ್ಡ ಐಡಿಯಾ ಇದ್ದರೂ ಇಲ್ಲ ಅಂತ ಬಂದರೆ ಅದು ಮತ್ತೊಂದು ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್.

ಕೋಡ್ ಬರುವ ಏಳೆಂಟು ಜನಕ್ಕೆ ಒಂದು ಕೆಲಸ ಹೇಳುತ್ತೇನೆ. ಇದು ನನಗೇ ಬೇಕಾಗಿದೆ.

ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟ ಬಲಗಡೆ, ಪಠ್ಯ ಎಡಗಡೆ. ಓಸಿಆರ್ ಗುಂಡಿ ಒತ್ತಿದರೆ ಗೂಗಲ್‌ನದೋ ಟೆಸರಾಕ್ಟ್‌ದೋ ಎಂಜಿನ್ ಪುಟ ಓದಿ ಅಕ್ಷರ ಸುರಿಯುತ್ತದೆ. ಹೊಸ ಪುಸ್ತಕವಾದರೆ ಪರವಾಗಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕದಲ್ಲಿ ಎರಡು ತೊಂದರೆ ಪದೇ ಪದೇ ಬರುತ್ತವೆ.

ಒಂದು, ಅರ್ಕಾವತ್ತು. ಅದು ನೋಡೋಕೆ ಕನ್ನಡದ ಒಂಬತ್ತರ ಹಾಗೇ ಇರುತ್ತದೆ. ಓಸಿಆರ್ ಅದನ್ನು ಅಂಕಿ ಅಂತಲೇ ಓದುತ್ತದೆ. "ಕಾರ್ಯ" ಅಂತ ಇರಬೇಕಾದಲ್ಲಿ "ಕಾಯ೯" ಬರುತ್ತದೆ, "ಮೂರ್ತಿ" ಹೋಗಿ "ಮೂತಿ೯" ಆಗುತ್ತದೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಅದೇ ಕಷ್ಟ. ಹುಡುಕಿದರೆ ಸಿಗುವುದಿಲ್ಲ. ಸುಮ್ನೆ ಹುಡುಕು-ಬದಲಿಸು ಮಾಡಲೂ ಆಗುವುದಿಲ್ಲ, ಯಾಕೆಂದರೆ ಅಚ್ಚಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅಂದರೆ "ಮೂತಿ೯" ಕೊನೆಯಲ್ಲಿರುವ ಒಂಬತ್ತು ಗುಡಿಸನ್ನು ದಾಟಿ, ತಕಾರವನ್ನೂ ದಾಟಿ ಹಿಂದಕ್ಕೆ ಹೋಗಿ ರ್ ಆಗಿ ಕೂರಬೇಕು. "ಅಘ್ಯ೯" ಅಂತ ಇದ್ದರೆ ಘ್ಯ ಒತ್ತಕ್ಷರ ಪೂರ್ತಿ ದಾಟಬೇಕು, ಆಗ "ಅರ್ಘ್ಯ". ಬರೀ ಯಕಾರ ದಾಟಿ ನಿಂತರೆ ಎಡವಟ್ಟು.

ಎರಡು, ಸೊನ್ನೆ ಮತ್ತು ಅನುಸ್ವಾರ. "ಬ೦ದನು" ಅಂತ ಅಂಕಿಯ ಸೊನ್ನೆ ಕೂತಿರುತ್ತದೆ. ಎಡಕ್ಕೆ ಅಕ್ಷರ ಇದ್ದರೆ ಅನುಸ್ವಾರ ಮಾಡು, "೧೯೦೫" ಥರ ಅಂಕಿ ಇದ್ದರೆ ಮುಟ್ಟಬೇಡ. ನಿಯಮ ಇಷ್ಟೇ. ಒಂಬತ್ತಕ್ಕೂ ಹೆಚ್ಚುಕಮ್ಮಿ ಇದೇ. ಅಕ್ಷರಕ್ಕೆ ಅಂಟಿದ ೯ ಮಾತ್ರ ಅರ್ಕಾವತ್ತು, "ಪುಟ ೯" ಅಂತ ಜಾಗ ಬಿಟ್ಟಿದ್ದರೆ ಅಂಕಿ.

ಇದಕ್ಕೆ ಒಂದು ಯೂಸರ್ ಸ್ಕ್ರಿಪ್ಟ್ ಬರೆಸಿ. ವಿಕಿಯಲ್ಲಿ ಪ್ರತಿ ಸದಸ್ಯರಿಗೂ ತಮ್ಮದೇ ಜಾವಾಸ್ಕ್ರಿಪ್ಟ್ ಪುಟ ಇರುತ್ತದೆ. ಅಲ್ಲಿ ಕೋಡ್ ಹಾಕಿದರೆ ಅವರಿಗೊಬ್ಬರಿಗೇ ಓಡುತ್ತದೆ, ಬೇರೆ ಯಾರಿಗೂ ತೊಂದರೆ ಇಲ್ಲ. ಯಂತ್ರದಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನಿಮ್ಮ 4 ಜಿಬಿ ಧಾರಾಳ ಸಾಕು. ಚೆನ್ನಾಗಿ ಕೆಲಸ ಮಾಡಿದರೆ ಆಮೇಲೆ ಸಮುದಾಯದಲ್ಲಿ ಕೇಳಿ ಎಲ್ಲರಿಗೂ ಗ್ಯಾಜೆಟ್ ಆಗಿ, ಅಂದರೆ ಬೇಕಾದವರು ಆನ್ ಮಾಡಿಕೊಳ್ಳುವ ಸೌಲಭ್ಯವಾಗಿ, ಕೊಡಬಹುದು. ಹಾಂ, ಒಂದು ಎಚ್ಚರ. "ರ‍್ಯಾಂಕ್" ಅಂತ ಬರೆಯುವಾಗ ರ ಪೂರ್ತಿಯಾಗಿ, ಯ ಕೆಳಗೆ ಒತ್ತಾಗಿ ಬರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ಸ್ಕ್ರಿಪ್ಟ್ ಅದನ್ನು ಕಸ ಅಂತ ತಿಳಿದು ಗುಡಿಸಿಹಾಕಬಾರದು.

ಜಾವಾಸ್ಕ್ರಿಪ್ಟಿಗೆ ಹೆದರುವವರಿಗೂ ಇಲ್ಲೇ ಕೆಲಸ ಇದೆ. ಹಳೆ ಪುಟಗಳನ್ನು ನೋಡಿ ಇಂಥ ಪದಗಳ ಪಟ್ಟಿ ಮಾಡಲಿ: ಓಸಿಆರ್ ಕೊಟ್ಟಿದ್ದು ಒಂದು ಕಡೆ, ಸರಿಯಾದದ್ದು ಇನ್ನೊಂದು ಕಡೆ. ಅದೇ ಟೆಸ್ಟ್ ಫೈಲ್. ಪ್ರತಿ ಸಲ ಸ್ಕ್ರಿಪ್ಟ್ ಬದಲಾದಾಗ ಪಟ್ಟಿ ಓಡಿಸಿ ನೋಡಬೇಕು. ಟೆಸ್ಟಿಂಗ್ ಅಂದರೆ ಏನು ಅಂತ ಪುಸ್ತಕದಲ್ಲಿ ಓದುವುದಕ್ಕಿಂತ ಇದು ವಾಸಿ.

ಅಂಕದ ಬಗ್ಗೆ. ವಿಕಿಸೋರ್ಸ್‌ನಲ್ಲಿ ಪುಟಕ್ಕೆ ಬಣ್ಣ ಇರುತ್ತದೆ. ತಿದ್ದಿರದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಆದ್ದರಿಂದ ಮಕ್ಕಳನ್ನು ಜೋಡಿ ಮಾಡಿ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಲಿ. ಪುಟದ ಇತಿಹಾಸದಲ್ಲಿ ಎರಡು ಆವೃತ್ತಿ ಹೋಲಿಸಿದರೆ ಮೊದಲನೆಯವರು ಏನು ಬಿಟ್ಟಿದ್ದರು, ಎರಡನೆಯವರು ಏನು ಹಿಡಿದರು ಅಂತ ಅಕ್ಷರ ಅಕ್ಷರವೂ ಕಾಣುತ್ತದೆ. ದಿನಾಂಕ, ಹೊತ್ತು ಸಮೇತ. ಸೀನಿಯರ್ ಹತ್ತಿರ ಇಸ್ಕೊಂಡು ಬರೋಕೆ ಆಗದ ದಾಖಲೆ ಅದು. ಎಚ್‌ಓಡಿ ಅವರಿಗೆ ಎಷ್ಟು ಪುಟ ಅಂತ ಮಾತ್ರ ತೋರಿಸಬೇಡಿ. ಎರಡನೆಯವರಿಗೆ ಹಿಡಿಯೋಕೆ ಎಷ್ಟು ಉಳಿದಿತ್ತು ಅಂತ ತೋರಿಸಿ.

ಗೆರಿಟ್_ಅಕ್ಕ

ಅಚ್ಚುಮೊಳೆ ಸರ್ ಹೇಳಿದ ಸ್ಕ್ರಿಪ್ಟ್ ಒಳ್ಳೆಯ ಆಯ್ಕೆ. ನನಗೆ ಪಿಎಚ್‌ಪಿ ಕಡೆಯ ಅನುಭವ ಜಾಸ್ತಿ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಮೀಡಿಯಾವಿಕಿಯ ದೋಷಗಳ ಪಟ್ಟಿ ಫ್ಯಾಬ್ರಿಕೇಟರ್‌ನಲ್ಲಿ ಇರುತ್ತದೆ. ಹೊಸಬರಿಗೆ ಆಗುವಂಥ ಕೆಲಸಗಳಿಗೆ "ಗುಡ್ ಫಸ್ಟ್ ಟಾಸ್ಕ್" ಅಂತ ಗುರುತು ಹಾಕಿರುತ್ತಾರೆ. ಮಕ್ಕಳಿಗೆ ಇದು ಸಿಕ್ಕಿದ ತಕ್ಷಣ ಮಾಡುವ ಮೊದಲ ಕೆಲಸ ಏನು ಗೊತ್ತಾ? ಹತ್ತು ಟಾಸ್ಕಿಗೆ ತಮ್ಮ ಹೆಸರು ಹಾಕಿಕೊಳ್ಳುವುದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಮೇಲೆ ಹತ್ತುವುದೂ ಇಲ್ಲ, ಬೇರೆಯವರಿಗೆ ಕೂರಲು ಬಿಡುವುದೂ ಇಲ್ಲ. ಇಬ್ಬರಿಗೆ ಸೇರಿ ಒಂದು ಟಾಸ್ಕ್, ಪ್ಯಾಚ್ (ಕೋಡಿನ ತಿದ್ದುಪಡಿ) ಸಿದ್ಧವಾಗುವ ತನಕ ಹೆಸರು ಹಾಕಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿ.

ಇನ್ನೊಂದು, ಪರಿಶೀಲನೆಗೆ ಕಾಯಬೇಕಾಗುತ್ತದೆ. ಗೆರಿಟ್‌ಗೆ ಪ್ಯಾಚ್ ಕಳಿಸಿದ ಕೂಡಲೇ ಜೆನ್‌ಕಿನ್ಸ್ ಬಾಟ್ ಬಂದು ಟೆಸ್ಟ್ ಓಡಿಸಿ ಹೇಳುತ್ತದೆ. ಮನುಷ್ಯರು ಬರುವುದು ಅವರ ಬಿಡುವು ನೋಡಿಕೊಂಡು. ವಾರಗಟ್ಟಲೆ ಆಗಬಹುದು. ಮೂರು ತಿಂಗಳ ಕೊನೆಯಲ್ಲಿ ಪ್ಯಾಚ್ ಸೇರಿರಲೇಬೇಕು ಅಂತ ಅಂಕದ ಷರತ್ತು ಇಟ್ಟರೆ ಮಕ್ಕಳಿಗೆ ಅನ್ಯಾಯ. ಟಿಪ್ಪಣಿ ಬಂದಾಗ ಹೇಗೆ ಉತ್ತರ ಕೊಟ್ಟರು, ಎರಡನೇ ಆವೃತ್ತಿ ಹೇಗಿತ್ತು, ಅದಕ್ಕೆ ಅಂಕ ಕೊಡಿ.

ಬೇಕಾದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್ ತಂತ್ರಾಂಶದ ಗೋಜು ನಿಮ್ಮ ಯಂತ್ರಗಳಿಗೆ ಬೇಡ, ಉಸಿರು ಕಟ್ಟುತ್ತದೆ. ಪಿಎಚ್‌ಪಿ ಮತ್ತು ಅದಕ್ಕೆ ಬೇಕಾದ ಕೋಡ್ ಲೈಬ್ರರಿ ತರುವ ಕಂಪೋಸರ್ ಹಾಕಿಕೊಂಡು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಜೊತೆ ಮೀಡಿಯಾವಿಕಿ ಓಡಿಸಬಹುದು. ಕಲಿಯೋಕೆ ಅಷ್ಟು ಸಾಕು.

ಕೋಡ್ ಬೇಡ ಅನ್ನುವವರಿಗೆ ನನ್ನ ಕಡೆಯಿಂದ ಒಂದು. ಟ್ರಾನ್ಸ್‌ಲೇಟ್‌ವಿಕಿ ಅಂತ ಒಂದು ತಾಣ ಇದೆ. ಮೀಡಿಯಾವಿಕಿಯ ಗುಂಡಿ, ಎಚ್ಚರಿಕೆ, ಸೂಚನೆ ಎಲ್ಲ ಕನ್ನಡಕ್ಕೆ ಬರುವುದು ಅಲ್ಲಿಂದ. ಹೊಸ ಅನುವಾದ ಮಾಡಿಸುವ ಮೊದಲು ಹಳೆಯದರಲ್ಲಿ ಒಂದು ದೋಷ ಹುಡುಕಿಸಿ. ಏಕವಚನ ಬಹುವಚನಕ್ಕೆ ಬೇರೆ ಬೇರೆ ವಾಕ್ಯ ಕೊಡುವ ವ್ಯವಸ್ಥೆ ಅಲ್ಲಿದೆ, ಯಾವ ಭಾಷೆಗೆ ಯಾವ ನಿಯಮ ಅನ್ನುವುದು ಯುನಿಕೋಡ್‌ನವರ ಸಿಎಲ್‌ಡಿಆರ್ ಪಟ್ಟಿಯಿಂದ ಬರುತ್ತದೆ. ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಜೊತೆ. ಕನ್ನಡಕ್ಕೆ ಆ ಪಟ್ಟಿಯಲ್ಲಿ ಸೊನ್ನೆಯೂ ಒಂದರ ಜೊತೆಗೇ ಸೇರಿದೆ. ಈಗ ಅನುವಾದಕರು ಮೊದಲ ಜಾಗದಲ್ಲಿ ಸಂಖ್ಯೆಯ ಗುರುತಾದ $1 ಹಾಕದೆ "ಒಂದು ಹೊಸ ಸಂದೇಶ ಇದೆ" ಅಂತ ಬರೆದಿದ್ದರೆ, ಸಂದೇಶ ಒಂದೂ ಇಲ್ಲದಾಗಲೂ ತೆರೆಯ ಮೇಲೆ "ಒಂದು" ಅಂತಲೇ ಬರುತ್ತದೆ. "$1 ಹೊಸ ಸಂದೇಶ" ಅಂತ ಇದ್ದರೆ ಎರಡಕ್ಕೂ ಸರಿ. ಇಂಥ ಕಡೆಗಳನ್ನು ಹುಡುಕಿ ತಿದ್ದುವುದಕ್ಕೆ ಕೋಡ್ ಬರಬೇಕಿಲ್ಲ, ತಾಳ್ಮೆ ಬೇಕು. ಯಾರ ವಿಮರ್ಶೆಗೂ ತಿಂಗಳು ಕಾಯಬೇಕಿಲ್ಲ.

ಕಡಲೂರ_ಕನ್ನಡತಿ

ನನ್ನದು ಸ್ವಲ್ಪ ಭಿನ್ನಮತ. ಪ್ರೂಫ್ ತಿದ್ದುವುದು ಪುಣ್ಯದ ಕೆಲಸವೇ, ಆದರೆ ಇಪ್ಪತ್ತು ವರ್ಷದ ಮಕ್ಕಳಿಗೆ ಮೂರು ತಿಂಗಳು ಅದನ್ನೇ ಕೊಟ್ಟರೆ ಓಡಿಹೋಗುತ್ತಾರೆ. ಲೇಖನ ಬರೆಸಿ ಮೇಡಂ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಇವತ್ತಿಗೂ ಎಷ್ಟೋ ವಿಷಯಕ್ಕೆ ಪುಟವೇ ಇಲ್ಲ. ತಮ್ಮ ಊರಿನ ಕೆರೆ, ದೇವಸ್ಥಾನ, ಜಾತ್ರೆ ಬಗ್ಗೆ ಬರೆಯಲಿ. ಇಲ್ಲವೇ ಲಿಂಗ್ವಾ ಲಿಬ್ರೆ ಅನ್ನುವ ತಾಣದಲ್ಲಿ ಪದಗಳ ಉಚ್ಚಾರಣೆ ರೆಕಾರ್ಡ್ ಮಾಡಿಸಿ. ಪದಪಟ್ಟಿ ಕೊಟ್ಟರೆ ಒಂದಾದ ಮೇಲೊಂದು ತೆರೆಯಲ್ಲಿ ಬರುತ್ತದೆ, ಓದುತ್ತಾ ಹೋದರೆ ಪ್ರತಿ ಪದವೂ ಬೇರೆ ಬೇರೆ ಕಡತವಾಗಿ ಕಾಮನ್ಸ್‌ಗೆ, ಅಂದರೆ ವಿಕಿಗಳ ಚಿತ್ರ, ಧ್ವನಿ ಕಡತಗಳ ಭಂಡಾರಕ್ಕೆ, ಸೇರುತ್ತದೆ. ನಾವು ತುಳು ಪದಗಳಿಗೆ ಮಾಡಿದ್ದೇವೆ, ಹುಡುಗಿಯರು ಖುಷಿಯಿಂದ ಮಾಡಿದರು. ಫ್ಯಾನ್ ಆಫ್ ಮಾಡಿಸುವುದೇ ದೊಡ್ಡ ಕಷ್ಟ, ನಮ್ಮ ಸೆಕೆಯಲ್ಲಿ!

ಅಚ್ಚುಮೊಳೆ

ಕಡಲೂರ ಅಕ್ಕಾರೇ, ಉಚ್ಚಾರಣೆ ಐಡಿಯಾ ಬಹಳ ಚೆನ್ನಾಗಿದೆ, ಒಪ್ಪಿದೆ. ಲೇಖನದ ವಿಷಯಕ್ಕೆ ನನಗೆ ಅಂಜಿಕೆ ಇದೆ. ಅಂಕಕ್ಕಾಗಿ ಬರೆಸಿದಾಗ ನಕಲು ಬರುತ್ತದೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಮೀಡಿಯ ಫೌಂಡೇಶನ್ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಸಿತ್ತು. ಪುಸ್ತಕದಿಂದ, ವೆಬ್‌ಸೈಟಿನಿಂದ ಯಥಾವತ್ತು ಎತ್ತಿದ್ದು ರಾಶಿ ಬಿತ್ತು. ಅಳಿಸುವವರು ಸಾಕಾಗಿ ಹೋದರು, ಆ ಪ್ರಯೋಗವನ್ನೇ ನಿಲ್ಲಿಸಿದರು. ಈಗಂತೂ ನಕಲು ಹೊಡೆಯುವ ಕಷ್ಟವೂ ಇಲ್ಲ, ಚಾಟ್‌ಬಾಟ್ ಬರೆದುಕೊಡುತ್ತದೆ. ಇಲ್ಲದ ಶಾಸನ, ಇಲ್ಲದ ಇಸವಿ ಎಲ್ಲ ಸೇರಿಸಿ.

ಬರೆಸಲೇಬೇಕು ಅಂದರೆ ಹೊಸದು ಬೇಡ. 2010ರ ಆಸುಪಾಸಿನಲ್ಲಿ ಗೂಗಲ್‌ನ ಯೋಜನೆಯೊಂದರಲ್ಲಿ ಅನುವಾದವಾಗಿ ಬಂದ ಉದ್ದುದ್ದ ಲೇಖನಗಳು ಕನ್ನಡ ವಿಕಿಪೀಡಿಯದಲ್ಲಿವೆ. ಒಂದೊಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಕರ್ತೃ ಯಾರು ಅಂತ ಮರೆತುಹೋಗಿರುತ್ತದೆ. ಒಂದು ಜೋಡಿಗೆ ಒಂದು ಲೇಖನ ಕೊಟ್ಟು ಕನ್ನಡ ಮಾಡಿಸಿ. ಉಲ್ಲೇಖಗಳು ಆಗಲೇ ಇರುವುದರಿಂದ ನಕಲಿನ ಭಯ ಕಮ್ಮಿ.

ಹಾಸನ_ಲ್ಯಾಬ್

ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನನ್ನ ಲೆಕ್ಕ ಹೀಗೆ: ಆರು ಜನ ಓಸಿಆರ್ ಸ್ಕ್ರಿಪ್ಟ್‌ಗೆ, ಇಬ್ಬರು ಫ್ಯಾಬ್ರಿಕೇಟರ್ ಟಾಸ್ಕ್‌ಗೆ, ಆರು ಜನ ಟ್ರಾನ್ಸ್‌ಲೇಟ್‌ವಿಕಿಗೆ, ನಾಲ್ವರು ಉಚ್ಚಾರಣೆಗೆ, ಉಳಿದ ಹತ್ತು ಜನ ಪ್ರೂಫ್ ಜೋಡಿಗಳು. ಓಡಿಹೋಗದ ಹಾಗೆ ತಿಂಗಳಿಗೊಮ್ಮೆ ಗುಂಪು ಅದಲು ಬದಲು ಮಾಡುತ್ತೇನೆ, ಸ್ಕ್ರಿಪ್ಟ್‌ನವರನ್ನು ಬಿಟ್ಟು.

ಎರಡು ಪ್ರಶ್ನೆ ಉಳಿದಿದೆ. ನಮ್ಮ ಲೈಬ್ರರಿಯಲ್ಲಿ ಹಳೆ ಪುಸ್ತಕಗಳಿವೆ. ಸ್ಕ್ಯಾನ್ ಮಾಡಿ ಹಾಕಬಹುದಾ? ಮತ್ತೆ ಮೊದಲ ದಿನ ಲ್ಯಾಬಿನಲ್ಲೇ ಎಲ್ಲರಿಗೂ ಖಾತೆ ತೆರೆಸಿಬಿಡಲಾ?

ಅಚ್ಚುಮೊಳೆ

ಪುಸ್ತಕಕ್ಕೆ: ಹಳೆಯದು ಅಂದ ಮಾತ್ರಕ್ಕೆ ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಮುದ್ದಣ ಹೋಗಿದ್ದು 1901ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ, ಬಿಎಂಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ. ಇವರದೆಲ್ಲ ಮುಗಿದಿದೆ. ಗೋವಿಂದ ಪೈಗಳದು 2024ರ ಜನವರಿಗೆ ಬಿಡುಗಡೆಯಾಯಿತು. ಡಿವಿಜಿ ಅವರದು 2035 ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಮೂಲ ಹಳೆಯದಾದರೂ ಹೊಸ ಸಂಪಾದಕರ ಮುನ್ನುಡಿ, ಟಿಪ್ಪಣಿ ಇದ್ದರೆ ಅದರ ಹಕ್ಕು ಬೇರೆ. ಕಾಮನ್ಸ್‌ಗೆ ಏರಿಸಿದರೆ ಅಮೆರಿಕದ ಕಾನೂನನ್ನೂ ನೋಡುತ್ತಾರೆ, ಅಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕವೂ ಬರುತ್ತದೆ. ಮೂರು ತಿಂಗಳಲ್ಲಿ ಇದೆಲ್ಲ ಬಗೆಹರಿಸುವುದು ಬೇಡ. ಆಗಲೇ ಏರಿಸಿರುವ ಪುಸ್ತಕಗಳಲ್ಲಿ ಕೆಂಪು ಪುಟಗಳು ಬೇಕಾದಷ್ಟಿವೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ, ಅದನ್ನೂ ನೋಡಿ.

ಗೆರಿಟ್_ಅಕ್ಕ

ಖಾತೆಯನ್ನು ಲ್ಯಾಬಿನಲ್ಲಿ ತೆರೆಸಬೇಡಿ! ಒಂದು ಐಪಿ ವಿಳಾಸದಿಂದ 24 ಗಂಟೆಯಲ್ಲಿ ಆರು ಖಾತೆ ಮಾತ್ರ ತೆರೆಯಬಹುದು. ನಿಮ್ಮದು ಒಂದೇ ಕನೆಕ್ಷನ್, ಏಳನೆಯ ಹುಡುಗನಿಗೆ ಬಾಗಿಲು ಮುಚ್ಚುತ್ತದೆ. ಹಿಂದಿನ ದಿನ ಮನೆಯಲ್ಲಿ ಮೊಬೈಲ್ ಡೇಟಾದಿಂದ ತೆರೆದುಕೊಂಡು ಬರಲಿ. ಮೊಬೈಲ್ ಕಂಪನಿಯ ಐಪಿಗೆ ತಡೆ ಬಿದ್ದಿದ್ದರೆ ಬೇರೆ ಸಿಮ್‌ನಿಂದ ನೋಡಲಿ. ದಿನಾಂಕ ಮೊದಲೇ ಗೊತ್ತಿದ್ದರೆ ಆ ಮಿತಿ ತಾತ್ಕಾಲಿಕವಾಗಿ ಸಡಿಲಿಸಿ ಅಂತ ಫ್ಯಾಬ್ರಿಕೇಟರ್‌ನಲ್ಲಿ ಮನವಿ ಹಾಕಬಹುದು, ಅದಕ್ಕೆ ಕಾಲೇಜಿನ ಐಪಿ ವಿಳಾಸ, ದಿನ, ಎಷ್ಟು ಜನ ಅಂತ ಕೊಡಬೇಕು. ಕೊನೆ ಗಳಿಗೆಯಲ್ಲಿ ಹಾಕಬೇಡಿ, ವಾರಕ್ಕಿಂತ ಮುಂಚೆ ಹಾಕಿ.

ಒಬ್ಬರಿಗೆ ಒಂದೇ ಖಾತೆ. ಕಾಲೇಜಿನ ಹೆಸರಲ್ಲಿ ಒಂದು ತೆರೆದು ಎಲ್ಲರೂ ಬಳಸುವ ಹಾಗಿಲ್ಲ. ರಿಜಿಸ್ಟರ್ ನಂಬರನ್ನು ಬಳಕೆದಾರ ಹೆಸರು ಮಾಡುವುದೂ ಬೇಡ, ಅದು ಇತಿಹಾಸದಲ್ಲಿ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಯಾರದು ಯಾವ ಹೆಸರು ಅನ್ನುವ ಪಟ್ಟಿ ನಿಮ್ಮ ಹತ್ತಿರ ಕಾಗದದಲ್ಲಿ ಇರಲಿ. ಗೆರಿಟ್‌ಗೆ ಬೇರೆ ಡೆವಲಪರ್ ಖಾತೆ ಬೇಕು, ಆ ಇಬ್ಬರಿಗೆ ಮಾತ್ರ.